ಮೇವು ಬರುವ ದಾರಿ, ಗೊಬ್ಬರ ಹೋಗದ ದಾರಿ

ಕೇಳುಗರೇ, ನಮಸ್ಕಾರ.

ಹೈನುಗಾರಿಕೆ ಮತ್ತು ಪರಿಸರದ ಮಾತು ಬಂದಾಗ ಹೆಚ್ಚಿನವರಿಗೆ ನೆನಪಾಗುವುದು ಹಸುವಿನ ತೇಗಿನಲ್ಲಿ ಬರುವ ಮೀಥೇನ್. ಅದು ದೊಡ್ಡ ವಿಷಯವೇ, ಅನುಮಾನವಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಅಷ್ಟಾಗಿ ಚರ್ಚೆಗೆ ಬರದ ಇನ್ನೊಂದು ಸಂಗತಿ. ಕೊಟ್ಟಿಗೆಗೆ ಮೇವು ಎಲ್ಲಿಂದ ಬರುತ್ತದೆ? ಅಲ್ಲಿಂದ ಗೊಬ್ಬರ ಎಲ್ಲಿಗೆ ಹೋಗುತ್ತದೆ?

ಚೆನ್ನಾಗಿ ಹಾಲು ಕೊಡುವ ದೊಡ್ಡ ತಳಿಯ ಹಸು, ನೀರಿನಂಶ ಬಿಟ್ಟು ಲೆಕ್ಕ ಹಾಕಿದರೂ, ದಿನಕ್ಕೆ 20 ಕಿಲೋ ಮೇಲೆ ತಿನ್ನುತ್ತದೆ. ಅದನ್ನೆಲ್ಲ ಬರೀ ಹಸಿ ಹುಲ್ಲಿನಲ್ಲೇ ಕೊಡಬೇಕೆಂದರೆ 100 ಕಿಲೋ ದಾಟುತ್ತದೆ. ಅದೇ ಹಸು ದಿನಕ್ಕೆ 50ರಿಂದ 60 ಕಿಲೋ ಸಗಣಿ, ಗಂಜಲ ಹಾಕುತ್ತದೆ. ನೂರು ಹಸು ಇರುವ ಕಡೆ ದಿನವೂ 5 ಟನ್ನಿಗೆ ಕಡಿಮೆ ಇಲ್ಲ. ಹಬ್ಬವಿರಲಿ, ಮಳೆಯಿರಲಿ, ಅದು ನಿಲ್ಲುವುದಿಲ್ಲ.

ಸಾಗಾಟ ಎಂದ ತಕ್ಷಣ ಲಾರಿಯ ಹೊಗೆ ಕಣ್ಣಿಗೆ ಬರುತ್ತದೆ, ಅಲ್ವಾ? ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ಆದರೂ ಒಂದು ಲೀಟರ್ ಹಾಲಿನ ಪೂರ್ತಿ ಇಂಗಾಲದ ಲೆಕ್ಕದಲ್ಲಿ ಸಾಗಾಟದ ಇಂಧನದ ಪಾಲು ಸಾಮಾನ್ಯವಾಗಿ ಚಿಕ್ಕದು. ದೂರ ಒಂದನ್ನೇ ನೋಡಿ ತೀರ್ಮಾನಿಸಿದರೆ ತಪ್ಪುತ್ತೇವೆ. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಒಯ್ಯಲು ದೊಡ್ಡ ಹಡಗು ಉಗುಳುವ ಹೊಗೆ ಲಾರಿಗಿಂತ ಎಷ್ಟೋ ಪಟ್ಟು ಕಡಿಮೆ. ಹಾಗಂತ ಸಮುದ್ರ ದಾಟಿ ಬಂದ ಸೋಯಾ ಹಿಂಡಿ ನಿರಪಾಯ ಎಂದಲ್ಲ. ಅದು ಬೆಳೆದ ನೆಲ ಯಾವುದು ಎಂದು ಕೇಳಬೇಕು. ಬ್ರೆಜಿಲ್‌ನಲ್ಲಿ ಅಮೆಜಾನ್ ಕಾಡನ್ನೂ ಸೆರಾಡೋ ಎಂಬ ಹುಲ್ಲುಗಾಡನ್ನೂ ಕಡಿದು ಸೋಯಾ ಹೊಲ ಮಾಡಿದ್ದಾರೆ. ಹೊಸದಾಗಿ ಅಮೆಜಾನ್ ಕಾಡು ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲ ಎಂದು ದೊಡ್ಡ ವ್ಯಾಪಾರಿಗಳು 2006ರಲ್ಲಿ ಒಪ್ಪಿದರು. ಸೆರಾಡೋಗೆ ಆ ರಕ್ಷಣೆ ಸಿಗಲಿಲ್ಲ. ಕಾಡು ಕಡಿದಾಗ ಹೊರಬೀಳುವ ಇಂಗಾಲದ ಮುಂದೆ ಹಡಗಿನ ಹೊಗೆ ಏನೂ ಅಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವುದು ಹೊಗೆಯೂ ಅಲ್ಲ. ಮೇವು ಒಣಗಿ, ಹಗುರವಾಗಿ ಸಾವಿರಾರು ಕಿಲೋಮೀಟರ್ ಬರುತ್ತದೆ. ಗೊಬ್ಬರ ನೀರು ತುಂಬಿಕೊಂಡು ಭಾರವಾಗಿ ಅಲ್ಲೇ ಉಳಿಯುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಟನ್ ಸೋಯಾ ಹಿಂಡಿಯಲ್ಲಿ ಸುಮಾರು 70 ಕಿಲೋ ಸಾರಜನಕ ಇರುತ್ತದೆ. ಹಸು ತಿಂದ ಸಾರಜನಕದಲ್ಲಿ ಹಾಲಿಗೆ ಹೋಗುವುದು ನಾಲ್ಕನೇ ಒಂದು ಭಾಗದಷ್ಟು. ಉಳಿದದ್ದು ಸಗಣಿ, ಗಂಜಲದಲ್ಲಿ ಹೊರಬರುತ್ತದೆ. ಈಗ ಕೊಟ್ಟಿಗೆಯ ಗುಂಡಿಯ ಸ್ಲರಿ, ಅಂದರೆ ಸಗಣಿ, ಗಂಜಲ, ನೀರು ಸೇರಿದ ಬಗ್ಗಡ ನೋಡಿ. ಅದರಲ್ಲಿ ನೂರಕ್ಕೆ 90 ಪಾಲು ನೀರೇ. ಒಂದು ಟನ್ ಸ್ಲರಿಯಲ್ಲಿ ಸಾರಜನಕ ಬರೀ 4 ಕಿಲೋ ಆಸುಪಾಸು. ಅಂದರೆ 25 ಟನ್ ಹಿಂಡಿಯ ಒಂದು ಲಾರಿ ಒಳಗೆ ಬಂದರೆ, ಹಾಲಿಗೆ ಸೇರದ ಸಾರಜನಕವನ್ನು ಹೊರಗೆ ಕಳಿಸಲು ಅಷ್ಟೇ ದೊಡ್ಡ 13 ಟ್ಯಾಂಕರ್ ಬೇಕು. ಆ ಒಂದೊಂದು ಟ್ಯಾಂಕರ್ ಹೊರುವ ಸಾರಜನಕ ಸುಮಾರು 220 ಕಿಲೋ ಯೂರಿಯಾದಲ್ಲಿ ಸಿಕ್ಕಿಬಿಡುತ್ತದೆ. ಮೇವು ತಂದ ಲಾರಿಯಲ್ಲೇ ಗೊಬ್ಬರ ತುಂಬಿ ಕಳಿಸೋಣ ಎಂದರೆ ರೋಗ ಹರಡುವ ಭಯ. ಹಾಗಾಗಿ ಲಾರಿ ಒಂದು ಕಡೆ ಖಾಲಿ ಓಡುತ್ತದೆ, ಟ್ಯಾಂಕರ್ ಇನ್ನೊಂದು ಕಡೆ.

ಇಷ್ಟು ಖರ್ಚು ಮಾಡಿ ದೂರ ಕಳಿಸುವವರು ಯಾರು? ಗುಂಡಿ ತುಂಬಿದಾಗ ಪಕ್ಕದ ಹೊಲಕ್ಕೇ ಮತ್ತೆ ಮತ್ತೆ ಸುರಿಯುತ್ತಾರೆ. ಬೆಳೆ ಹೀರಿಕೊಳ್ಳದ ಸಾರಜನಕ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಸ್ವಲ್ಪ ಅಮೋನಿಯಾ ಆಗಿ ಹಾರಿ, ದೂರದ ಕಾಡು, ಹುಲ್ಲುಗಾವಲಿನ ಮೇಲೆ ಬಂದು ಕೂರುತ್ತದೆ. ಗೊಬ್ಬರದಲ್ಲಿರುವ ರಂಜಕ, ಅಂದರೆ ಫಾಸ್ಫರಸ್, ಮಣ್ಣಿನಲ್ಲಿ ವರ್ಷಗಟ್ಟಲೆ ಸೇರಿಕೊಂಡು, ಮಳೆ ನೀರಿನ ಜೊತೆ ಕೆರೆಗೆ ಹೋಗುತ್ತದೆ. ಪಾಚಿ ಕಟ್ಟುತ್ತದೆ, ಮೀನು ಉಸಿರುಗಟ್ಟಿ ಸಾಯುತ್ತವೆ. ಅತ್ತ ಸೋಯಾ ಬೆಳೆದ ನೆಲಕ್ಕೆ ಅದೇ ರಂಜಕವನ್ನು ಗಣಿಯಿಂದ ತೆಗೆದು ಮತ್ತೆ ಹಾಕಬೇಕು. ಒಂದು ಕಡೆ ಅಜೀರ್ಣ, ಇನ್ನೊಂದು ಕಡೆ ಹಸಿವು.

ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನೆದರ್ಲೆಂಡ್ಸ್ ಸಾಕ್ಷಿ. ಪುಟ್ಟ ದೇಶ, ಹೊರಗಿನಿಂದ ಬರುವ ಮೇವು, ತುಂಬಾ ಜಾನುವಾರು. ಯುರೋಪಿನ 1991ರ ನೈಟ್ರೇಟ್ ನಿಯಮದ ಪ್ರಕಾರ, ನೈಟ್ರೇಟ್ ಅಪಾಯವಿರುವ ಪ್ರದೇಶಗಳಲ್ಲಿ ಒಂದು ಹೆಕ್ಟೇರಿಗೆ ವರ್ಷಕ್ಕೆ ಜಾನುವಾರು ಗೊಬ್ಬರದಿಂದ 170 ಕಿಲೋಗಿಂತ ಹೆಚ್ಚು ಸಾರಜನಕ ಹಾಕುವಂತಿಲ್ಲ. ಅಲ್ಲಿನ ರೈತರು ಹೆಚ್ಚಾದ ಗೊಬ್ಬರ ಒಯ್ಯಿರಿ ಎಂದು ತಾವೇ ದುಡ್ಡು ಕೊಡುತ್ತಾರೆ. ಅದು ಗಡಿ ದಾಟಿ ಜರ್ಮನಿ, ಫ್ರಾನ್ಸ್‌ವರೆಗೂ ಹೋಗುತ್ತದೆ. 2019ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ನಿಸರ್ಗ ಪ್ರದೇಶಗಳ ಮೇಲೆ ಸಾರಜನಕ ಬೀಳಿಸುವ ಕೆಲಸಗಳಿಗೆ ಅನುಮತಿ ಕೊಡುತ್ತಿದ್ದ ಪರವಾನಗಿ ಪದ್ಧತಿಯನ್ನೇ ಹೊಡೆದುಹಾಕಿತು.

ಹಾಗಾದರೆ ಏನು ಮಾಡಬಹುದು? ಮೊದಲು ನೀರು. ಚಾವಣಿಯ ಮಳೆ ನೀರು ಸ್ಲರಿ ಗುಂಡಿಗೆ ಬೀಳದಂತೆ ಮಾಡಿದರೆ ಎಷ್ಟೋ ಟ್ಯಾಂಕರ್ ಓಡಾಟ ತಪ್ಪುತ್ತದೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಸ್ಲರಿಯನ್ನು ಹಿಂಡಿ ಗಟ್ಟಿ ಭಾಗ ಬೇರೆ ಮಾಡುವ ಯಂತ್ರವೂ ಇದೆ. ಗಟ್ಟಿ ಭಾಗವನ್ನು ದೂರದ ಹೊಲಕ್ಕೆ ಕಳಿಸಿ, ತಿಳಿಯನ್ನು ಪೈಪಿನಲ್ಲಿ ಹತ್ತಿರದ ಹೊಲಕ್ಕೆ ಹಾಯಿಸಬಹುದು. ಭಾರದ ಟ್ಯಾಂಕರ್ ಓಡಿ ಮಣ್ಣು ಗಟ್ಟಿಯಾಗುವುದೂ ತಪ್ಪುತ್ತದೆ. ಬಯೋಗ್ಯಾಸ್ ಸ್ಥಾವರದ ಬಗ್ಗೆ ಒಂದು ಮಾತು. ಗುಂಡಿಯಿಂದ ಸುಮ್ನೆ ಹಾರಿಹೋಗುವ ಮೀಥೇನ್ ಅಲ್ಲಿ ಉರುವಲಾಗುತ್ತದೆ, ಬಹಳ ಒಳ್ಳೆಯದು. ಆದರೆ ಹೊರಬರುವ ಬಗ್ಗಡದ ತೂಕ ಹೆಚ್ಚುಕಮ್ಮಿ ಒಳಗೆ ಹೋದಷ್ಟೇ. ಸಾಗಾಟದ ಕಷ್ಟ ಹಾಗೆಯೇ ಉಳಿಯುತ್ತದೆ.

ಇದಕ್ಕಿಂತ ಮುಖ್ಯ, ಒಳಗೆ ಬರುವುದನ್ನೇ ಕಡಿಮೆ ಮಾಡುವುದು. ಬೇಕಾದ್ದಕ್ಕಿಂತ ಜಾಸ್ತಿ ಪ್ರೋಟೀನ್ ತಿನ್ನಿಸಿದರೆ ಹಾಲು ಹೆಚ್ಚುವುದಿಲ್ಲ, ಗಂಜಲದಲ್ಲಿ ಯೂರಿಯಾ ಹೆಚ್ಚುತ್ತದೆ. ಕುದುರೆ ಮೆಂತ್ಯ, ಅಲಸಂದೆಯಂಥ ದ್ವಿದಳ ಮೇವನ್ನು ಹತ್ತಿರದಲ್ಲೇ ಬೆಳೆದರೆ ಹಿಂಡಿಯ ಲಾರಿಗಳು ಕಡಿಮೆಯಾಗುತ್ತವೆ. ಧಾನ್ಯ ಬೆಳೆಯುವ ನೆರೆಯವರಿಂದ ಮೇವು ತಂದು, ಅವರ ಹೊಲಕ್ಕೆ ಗೊಬ್ಬರ ಕೊಡುವ ಒಪ್ಪಂದ ನನಗೆ ಎಲ್ಲಕ್ಕಿಂತ ಇಷ್ಟ. ಆಗ ಎರಡೂ ದಾರಿ ಚಿಕ್ಕದಾಗುತ್ತವೆ.

ಹೊಸದಾಗಿ ದೊಡ್ಡ ಕೊಟ್ಟಿಗೆ ಕಟ್ಟುವವರು, ಅದಕ್ಕೆ ಸಾಲ ಕೊಡುವವರು, ಅನುಮತಿ ಕೊಡುವವರು ನೀರು, ಕರೆಂಟು, ರಸ್ತೆಯ ಬಗ್ಗೆ ವಿಚಾರಿಸುತ್ತಾರೆ. ಇಷ್ಟು ಹಸುಗಳ ಗೊಬ್ಬರ ಹಾಕಲು ಹತ್ತಿರದಲ್ಲಿ ಎಷ್ಟು ನೆಲ ಇದೆ, ಆ ಮಣ್ಣಿನಲ್ಲಿ ಈಗಾಗಲೇ ಎಷ್ಟು ರಂಜಕ ಇದೆ ಎಂಬುದನ್ನೂ ದಯವಿಟ್ಟು ಅದೇ ದಿನ ಕೇಳಿ. ಮಣ್ಣು ಪರೀಕ್ಷೆಯ ಖರ್ಚು ಒಂದು ಟ್ಯಾಂಕರಿನ ಡೀಸೆಲ್ಲಿನ ಮುಂದೆ ದೊಡ್ಡದಲ್ಲ.

ನಮಸ್ಕಾರ.