ಕಣ್ಣು ಚೆನ್ನಾಗಿ ಕಾಣುವಾಗಲೇ ತೋರಿಸಬೇಕು: ಸಕ್ಕರೆ ಕಾಯಿಲೆ, ಕಣ್ಣು ಮತ್ತು ಹೊಸ ಸಂಶೋಧನೆ

ಎಲ್ಲರಿಗೂ ನಮಸ್ಕಾರ.

ಶುಗರ್‌ನಿಂದ ಕಣ್ಣಿಗೆ ಆಗುವ ತೊಂದರೆಯ ಬಗ್ಗೆ ಸಂಶೋಧನೆ ಎಲ್ಲಿಗೆ ಬಂದಿದೆ ಅಂತ ಹೇಳಲು ಕರೆದಿದ್ದೀರಿ. ಹೊಸ ಔಷಧಗಳ ಹೆಸರು ಓದುತ್ತಾ ಹೋಗಬಹುದು, ಆದರೆ ಅದರಿಂದ ನಿಮಗೇನೂ ಉಪಯೋಗ ಆಗಲ್ಲ. ನನಗೆ ಮುಖ್ಯ ಅನ್ನಿಸಿರುವ ಒಂದೇ ವಿಷಯ ಹೇಳುತ್ತೇನೆ. ಬಹಳ ವರ್ಷ ನಮ್ಮ ಡಾಕ್ಟರುಗಳ ಪ್ರಶ್ನೆ ‘ಹಾಳಾದ ಕಣ್ಣನ್ನು ಉಳಿಸುವುದು ಹೇಗೆ’ ಅಂತ ಇತ್ತು. ಈಗ ಪ್ರಶ್ನೆ ಬದಲಾಗಿದೆ. ಇನ್ನೂ ಚೆನ್ನಾಗಿ ಕಾಣುತ್ತಿರುವ ಕಣ್ಣಲ್ಲಿ ಕಾಯಿಲೆ ಹಿಡಿಯುವುದು ಹೇಗೆ, ಯಾವಾಗ ಕೈ ಹಾಕಬೇಕು, ಯಾವಾಗ ಸುಮ್ಮನೆ ಕಾದು ನೋಡಬೇಕು ಅನ್ನುವುದು ಈಗಿನ ಪ್ರಶ್ನೆ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಕಣ್ಣಿನ ಹಿಂಭಾಗದ ಒಳಪದರಕ್ಕೆ ರೆಟಿನಾ ಅಂತೀವಿ. ಅಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳಿವೆ. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಈ ನಾಳಗಳ ಗೋಡೆ ಸಡಿಲವಾಗುತ್ತದೆ. ಕ್ಯಾಮೆರಾದಲ್ಲಿ ನೋಡಿದರೆ ಕಿತ್ತಳೆ ಬಣ್ಣದ ಹಿನ್ನೆಲೆಯಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆ ಕಾಣುತ್ತವೆ, ಅಲ್ಲೆಲ್ಲ ನಾಳ ಗುಳ್ಳೆಯ ಹಾಗೆ ಉಬ್ಬಿರುತ್ತದೆ. ಆಮೇಲೆ ಹಳೇ ಪೈಪು ಒಸರುವ ಹಾಗೆ ಅದು ಒಸರುತ್ತದೆ, ಸೋರಿದ ಕೊಬ್ಬು ಹಳದಿ ಕಲೆಯಾಗಿ ನಿಲ್ಲುತ್ತದೆ. ರೆಟಿನಾದ ನಡುಭಾಗ, ಅಂದರೆ ನಾವು ಓದಲು, ಮುಖ ಗುರುತಿಸಲು ಬಳಸುವ ಮ್ಯಾಕುಲಾ ಊದಿಕೊಂಡರೆ ದೃಷ್ಟಿ ಮಂಜಾಗುತ್ತದೆ. ಇನ್ನೂ ಮುಂದೆ ಹೋದರೆ ರಕ್ತ ಸಾಲದ ರೆಟಿನಾ ಹೊಸ ನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಅವು ತೀರಾ ನಾಜೂಕು. ಒಡೆದು ಕಣ್ಣೊಳಗೆ ರಕ್ತ ತುಂಬುತ್ತದೆ, ಕೆಲವರಲ್ಲಿ ರೆಟಿನಾವನ್ನೇ ಎಳೆದು ಕೀಳುತ್ತವೆ.

ಇಷ್ಟೆಲ್ಲ ನಡೆಯುವಾಗ ನೋವಿಲ್ಲ, ಕಣ್ಣು ಕೆಂಪಾಗಲ್ಲ. ಹೊಸ ನಾಳ ಬೆಳೆದಿರುವ ಮನುಷ್ಯ ಬೋರ್ಡಿನ ಕೊನೆಯ ಸಾಲನ್ನೂ ತಡೆಯಿಲ್ಲದೆ ಓದಿ, ಆರಾಮಾಗಿ ಎದ್ದು ಹೋಗಬಹುದು. ಮಂಜಾದ ಮೇಲೂ ಮನೆಯಲ್ಲಿ ಹೇಳುವ ಮಾತು ನಿಮಗೆ ಗೊತ್ತು: ‘ಪೊರೆ ಬಂದಿರಬೇಕು, ಹಬ್ಬ ಮುಗೀಲಿ, ತೋರಿಸಿದರಾಯ್ತು.’ ಈ ಮಾತಿನಿಂದ ಹೋದಷ್ಟು ಕಣ್ಣು ಔಷಧಿ ಇಲ್ಲದೆ ಹೋಗಿಲ್ಲ ಅಂತ ನಾನು ನಂಬಿದ್ದೇನೆ.

ಯಾಕೆಂದರೆ ಔಷಧಿ ಇದೆ. 1970ರ ದಶಕದಲ್ಲೇ ಅಮೆರಿಕದ ಒಂದು ದೊಡ್ಡ ಅಧ್ಯಯನ, ರೆಟಿನಾದ ಅಂಚಿಗೆ ಲೇಸರ್ ಹಾಕಿದರೆ ತೀವ್ರವಾಗಿ ದೃಷ್ಟಿ ಕಳೆದುಕೊಳ್ಳುವ ಅಪಾಯ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಅಂತ ತೋರಿಸಿತು. ಇದಕ್ಕೂ ಮೊದಲು, 1948ರಲ್ಲೇ, ಮೈಕೆಲ್ಸನ್ ಎಂಬ ವಿಜ್ಞಾನಿ, ರಕ್ತ ಸಾಲದ ರೆಟಿನಾ ಏನೋ ಒಂದು ವಸ್ತುವನ್ನು ಹೊರಬಿಡುತ್ತದೆ, ಅದೇ ಹೊಸ ನಾಳ ಬೆಳೆಸುತ್ತದೆ ಅಂತ ಊಹೆ ಮಾಡಿದ್ದರು. ಆ ವಸ್ತು ಕೈಗೆ ಸಿಗಲು ನಾಲ್ಕು ದಶಕ ಬೇಕಾಯಿತು. 1989ರಲ್ಲಿ ನೆಪೋಲಿಯೋನ್ ಫೆರಾರಾ ಮತ್ತು ಅವರ ಸಂಗಡಿಗರು ವಿಇಜಿಎಫ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. 1994ರಲ್ಲಿ ಶುಗರ್ ರೋಗಿಗಳ ಕಣ್ಣಿನ ದ್ರವದಲ್ಲೇ ಅದು ಹೆಚ್ಚಾಗಿರುವುದು ಪತ್ತೆಯಾಯಿತು. ಅದನ್ನು ತಡೆಯುವ ಔಷಧವೇ ಈಗ ಕಣ್ಣಿಗೆ ಕೊಡುವ ಇಂಜೆಕ್ಷನ್.

ಇಂಜೆಕ್ಷನ್ ಅಂದ ಕೂಡಲೇ ಜನ ಹೆದರುತ್ತಾರೆ. ಹೇಗೆ ಕೊಡುತ್ತಾರೆ ಅಂತ ಹೇಳಿಬಿಡುತ್ತೇನೆ. ಮೊದಲು ಮರಗಟ್ಟಿಸುವ ಡ್ರಾಪ್ಸ್. ಆಮೇಲೆ ಕಂದು ಬಣ್ಣದ ಅಯೋಡಿನ್ ದ್ರಾವಣದಿಂದ ರೆಪ್ಪೆ, ಕಣ್ಣು ಎಲ್ಲ ಶುಚಿ ಮಾಡುತ್ತಾರೆ, ಇದು ಸ್ವಲ್ಪ ಉರಿಯುತ್ತದೆ. ರೆಪ್ಪೆ ಮುಚ್ಚದಂತೆ ಒಂದು ಕ್ಲಿಪ್. ಕರಿಗುಡ್ಡೆಯ ಅಂಚಿನಿಂದ ಮೂರೂವರೆ ನಾಲ್ಕು ಮಿಲಿಮೀಟರ್ ದೂರದಲ್ಲಿ, ಬಿಳಿ ಭಾಗದಲ್ಲಿ, ತುಂಬಾ ಸಪೂರ ಸೂಜಿಯಿಂದ ಮಿಲಿಲೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಔಷಧ. ಚುಚ್ಚುವುದು ಕೆಲವೇ ಸೆಕೆಂಡು, ತಯಾರಿಗೇ ಜಾಸ್ತಿ ಹೊತ್ತು.

ಕಷ್ಟ ಇರುವುದು ಮತ್ತೆ ಮತ್ತೆ ಬರಬೇಕಲ್ಲ, ಅಲ್ಲಿ. ಮೂರು ಔಷಧಗಳನ್ನು ಹೋಲಿಸಿ 2015ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ಮೊದಲ ವರ್ಷವೇ ಸುಮಾರು 9-10 ಇಂಜೆಕ್ಷನ್ ಬೇಕಾಗಿದ್ದವು. ದೃಷ್ಟಿ ಅಷ್ಟೇನೂ ಕೆಡದವರಲ್ಲಿ ಮೂರೂ ಒಂದೇ ಥರ ಕೆಲಸ ಮಾಡಿದವು. ದೃಷ್ಟಿ ತುಂಬಾ ಕೆಟ್ಟವರಲ್ಲಿ ಮಾತ್ರ ಮೊದಲ ವರ್ಷ ಅಫ್ಲಿಬರ್ಸೆಪ್ಟ್ ಎಂಬ ದುಬಾರಿ ಔಷಧ ಮುಂದಿತ್ತು. ಬೆವಾಸಿಜುಮಾಬ್ ಎಂಬ ಅಗ್ಗದ ಔಷಧ, ಮೂಲತಃ ಕರುಳಿನ ಕ್ಯಾನ್ಸರ್‌ಗೆ ಬಂದದ್ದು. ಅದರಿಂದಲೇ ಶುರು ಮಾಡಿ, ಸಾಲದಿದ್ದವರಿಗೆ ಮಾತ್ರ ದುಬಾರಿಯದಕ್ಕೆ ಬದಲಾಯಿಸಿದರೂ ಎರಡು ವರ್ಷದ ಕೊನೆಗೆ ದೃಷ್ಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ 2022ರಲ್ಲಿ ಗೊತ್ತಾಯಿತು. ಕೈಯಿಂದ ದುಡ್ಡು ಕೊಡುವ ನಮ್ಮ ಜನರಿಗೆ ಇದು ದೊಡ್ಡ ಸುದ್ದಿ. ಫಾರಿಸಿಮಾಬ್ ಥರದ ಹೊಸ ಔಷಧಗಳು ಕೆಲವರಲ್ಲಿ ನಾಲ್ಕು ತಿಂಗಳವರೆಗೂ ಅಂತರ ಕೊಡುತ್ತವೆ. ಅಂತರ ಹೆಚ್ಚಿಸುವುದೇ ಈಗ ಔಷಧ ಕಂಪನಿಗಳ ಓಟ.

ಆದರೆ ರೋಗಿ ಬರುವುದನ್ನೇ ನಿಲ್ಲಿಸಿದರೆ? ಹೊಸ ನಾಳ ಬೆಳೆದವರಿಗೆ ಲೇಸರ್ ಬದಲು ಇಂಜೆಕ್ಷನ್ ಕೊಟ್ಟರೂ ಸಾಕು ಅಂತ 2015ರಲ್ಲೇ ಇನ್ನೊಂದು ಅಧ್ಯಯನ ಹೇಳಿತ್ತು. ಅಧ್ಯಯನದಲ್ಲಿ ಫೋನ್ ಮಾಡಿ ಕರೆಯುವವರಿರುತ್ತಾರೆ, ಖರ್ಚು ನೋಡುವವರಿರುತ್ತಾರೆ. 2019ರಲ್ಲಿ ಅಮೆರಿಕದ್ದೇ ಇನ್ನೊಂದು ವರದಿ, ಆರು ತಿಂಗಳಿಗಿಂತ ಜಾಸ್ತಿ ಕಾಲ ಆಸ್ಪತ್ರೆಗೆ ಬರದೆ ಹೋದವರನ್ನು ಹುಡುಕಿ ನೋಡಿತು. ಲೇಸರ್ ಆದವರಿಗಿಂತ ಬರೀ ಇಂಜೆಕ್ಷನ್ ತೆಗೆದುಕೊಂಡವರ ಕಣ್ಣು ಹೆಚ್ಚು ಕೆಟ್ಟಿತ್ತು, ರೆಟಿನಾ ಎಳೆದು ಕಿತ್ತುಬಂದಿರುವುದೂ ಅವರಲ್ಲೇ ಜಾಸ್ತಿ. ಇಂಜೆಕ್ಷನ್ನಿನ ಶಕ್ತಿ ಇಳಿದು ಹೋಗುತ್ತದೆ, ಲೇಸರ್ ಕೆಲಸ ಉಳಿಯುತ್ತದೆ. ಹಾಗಾಗಿ ದೂರದ ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ, ಮಗ ರಜೆ ಹಾಕಿದರೆ ಮಾತ್ರ ಬರಲು ಆಗುವ ತಾಯಿಗೆ, ಪಕ್ಕದ ನೋಟ ಸ್ವಲ್ಪ ಕಡಿಮೆಯಾದರೂ, ಲೇಸರ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ‘ಹಳೇ ಕಾಲದ ಚಿಕಿತ್ಸೆ ಕೊಟ್ಟರು’ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಕಾದು ನೋಡುವುದೂ ಈಗ ಚಿಕಿತ್ಸೆಯ ಭಾಗ. ಮ್ಯಾಕುಲಾ ಊದಿದ್ದರೂ ದೃಷ್ಟಿ ಚೆನ್ನಾಗಿದ್ದರೆ, ಕೂಡಲೇ ಇಂಜೆಕ್ಷನ್ ಕೊಡದೆ ಹತ್ತಿರದಿಂದ ಗಮನಿಸುತ್ತಾ, ಕೆಟ್ಟರೆ ಮಾತ್ರ ಶುರು ಮಾಡಿದರೂ ಎರಡು ವರ್ಷದಲ್ಲಿ ಫಲಿತಾಂಶ ಒಂದೇ ಅಂತ 2019ರಲ್ಲಿ ತಿಳಿಯಿತು. ಆದರೆ ಗಮನಿಸಬೇಕಾದರೆ ನೀವು ಬರಲೇಬೇಕು.

ಮಾತ್ರೆಯಿಂದ ಏನಾದರೂ ಆಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಫೆನೋಫೈಬ್ರೇಟ್ ಅಂತ ಕೊಬ್ಬಿಗೆ ಕೊಡುವ ಹಳೆಯ ಮಾತ್ರೆ ಇದೆ. ಇದನ್ನು ತೆಗೆದುಕೊಂಡವರಿಗೆ ಕಣ್ಣಿನ ಲೇಸರ್ ಕಡಿಮೆ ಬೇಕಾಯಿತು ಅಂತ 2007ರಲ್ಲೇ ಸುಳಿವು ಸಿಕ್ಕಿತ್ತು. 2024ರಲ್ಲಿ ಸ್ಕಾಟ್ಲೆಂಡಿನ ಅಧ್ಯಯನವೊಂದು, ಕಾಯಿಲೆ ಇನ್ನೂ ಆರಂಭದಲ್ಲಿರುವ ಕಣ್ಣುಗಳಲ್ಲೇ ಇದನ್ನು ಪರೀಕ್ಷಿಸಿತು. ಕಾಯಿಲೆ ಮುಂದುವರಿಯುವುದು ಶೇ. 27ರಷ್ಟು ಕಡಿಮೆಯಾಯಿತು. ದಿನಾ ನುಂಗುವ ಸಾಮಾನ್ಯ ಮಾತ್ರೆ ಇಷ್ಟು ಮಾಡಿದರೆ ನನಗೆ ಅದು ಹೊಸ ಇಂಜೆಕ್ಷನ್‌ಗಿಂತ ಹೆಚ್ಚು ಖುಷಿ ಕೊಡುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಚ್ಚರ ಬೇಕು, ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ.

ಈಗ ತಪಾಸಣೆಯ ವಿಷಯ. 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 40 ದಾಟಿದ ಶುಗರ್ ರೋಗಿಗಳ ಪೈಕಿ ಶೇ. 12.5 ಜನರ ರೆಟಿನಾದಲ್ಲಿ ಕಾಯಿಲೆ ಇದೆ, ಶೇ. 4 ಜನರಿಗೆ ದೃಷ್ಟಿಯೇ ಹೋಗುವ ಹಂತದ್ದು. ಶೇಕಡಾವಾರು ಸಣ್ಣದು ಅನ್ನಿಸಬಹುದು, ಆದರೆ ದೇಶದಲ್ಲಿ ಹತ್ತು ಕೋಟಿ ಜನರಿಗೆ ಶುಗರ್ ಇದೆ. ಅಷ್ಟು ಜನರ ಕಣ್ಣನ್ನು ರೆಟಿನಾ ಡಾಕ್ಟರುಗಳೇ ಕೂತು ನೋಡಲು ಸಾಧ್ಯವಿಲ್ಲ. ಬ್ರಿಟನ್ನಿನಲ್ಲಿ ಶುಗರ್ ಇರುವ, 12 ವರ್ಷ ತುಂಬಿದ ಪ್ರತಿಯೊಬ್ಬರನ್ನೂ ಸರ್ಕಾರವೇ ಪತ್ರ ಬರೆದು ಕರೆದು ಕಣ್ಣಿನ ಫೋಟೋ ತೆಗೆಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಮೊದಲ ಕಾರಣವಾಗಿದ್ದ ಈ ಕಾಯಿಲೆ, 2009-10ರ ಹೊತ್ತಿಗೆ, ಐದು ದಶಕಗಳಲ್ಲಿ ಮೊದಲ ಸಲ, ಆ ಸ್ಥಾನದಿಂದ ಕೆಳಗಿಳಿಯಿತು.

ಇಲ್ಲೇ ಕೃತಕ ಬುದ್ಧಿಮತ್ತೆ, ಅಂದರೆ ಎಐ ಬರುವುದು. 2016ರಲ್ಲಿ ಗೂಗಲ್ ತಂಡ 1,28,175 ಫೋಟೋ ತೋರಿಸಿ ಕಂಪ್ಯೂಟರಿಗೆ ಕಾಯಿಲೆ ಗುರುತಿಸಲು ಕಲಿಸಿತು. ಆ ಫೋಟೋಗಳಲ್ಲಿ ಮದುರೆಯ ಅರವಿಂದ್ ಕಣ್ಣಿನ ಆಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯದ ಜೊತೆ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ್ದೂ ಇದ್ದವು. ಬೆಂಗಳೂರಿನದೇ ರೆಮಿಡಿಯೋ ಕಂಪನಿ ಸ್ಮಾರ್ಟ್‌ಫೋನ್ ಜೋಡಿಸಿದ ಕ್ಯಾಮೆರಾ ಮಾಡಿದೆ, ಅದರ ಎಐ ಇಂಟರ್ನೆಟ್ ಇಲ್ಲದೆಯೂ ಫೋನಿನಲ್ಲೇ ಕೆಲಸ ಮಾಡುತ್ತದೆ. ಲ್ಯಾಬಿನಲ್ಲಿ ಚೆನ್ನಾಗಿ ನಡೆದದ್ದು ಊರಲ್ಲಿ ನಡೆಯುತ್ತದಾ? ಥಾಯ್ಲೆಂಡಿನ ಕ್ಲಿನಿಕ್ಕುಗಳಲ್ಲಿ ಗೂಗಲ್ ವ್ಯವಸ್ಥೆ ಇಟ್ಟಾಗ ಐದರಲ್ಲಿ ಒಂದು ಫೋಟೋವನ್ನು ಅದು ‘ಸರಿಯಾಗಿಲ್ಲ’ ಅಂತ ತಿರಸ್ಕರಿಸಿತು. ಎಷ್ಟೋ ಕಡೆ ಕೋಣೆ ಸಾಕಷ್ಟು ಕತ್ತಲಾಗುತ್ತಿರಲಿಲ್ಲ, ಅಷ್ಟೇ. ಕಂಪ್ಯೂಟರ್ ಜಾಣ ಆದರೆ ಸಾಲದು, ಕಿಟಕಿಗೆ ಪರದೆ ಬೇಕು, ಫೋಟೋ ತೆಗೆಯುವ ನರ್ಸಮ್ಮನಿಗೆ ಸಮಯ ಬೇಕು, ‘ಕಾಯಿಲೆ ಇದೆ’ ಅಂತ ಬಂದ ಮೇಲೆ ಲೇಸರ್ ಇರುವ ಆಸ್ಪತ್ರೆ ಹತ್ತಿರ ಇರಬೇಕು. ಇಂಥ ಸಂಶೋಧನೆಗೆ ನಮ್ಮ ಜಿಲ್ಲೆಗಳಲ್ಲಿ ದುಡ್ಡು ಹಾಕಬೇಕು ಅಂತ ನಾನು ಎಲ್ಲ ಕಡೆ ಕೇಳುತ್ತಿರುತ್ತೇನೆ.

ಕೊನೆಗೆ, ಈಗ ಎಲ್ಲರೂ ಕೇಳುತ್ತಿರುವ ಸೆಮಾಗ್ಲುಟೈಡ್ ಬಗ್ಗೆ. ಶುಗರ್‌ಗೂ ಕೊಡುತ್ತಾರೆ, ತೂಕ ಇಳಿಸುವ ಇಂಜೆಕ್ಷನ್ ಅಂತ ಹೆಸರಾಗಿದೆ ಅಲ್ವಾ, ಅದೇ. 2016ರ ಅಧ್ಯಯನದಲ್ಲಿ ಇದನ್ನು ತೆಗೆದುಕೊಂಡವರಲ್ಲಿ ಕಣ್ಣಿನ ತೊಂದರೆ ಸ್ವಲ್ಪ ಜಾಸ್ತಿ ಕಂಡಿತು. ಅದಾಗಲೇ ರೆಟಿನಾ ಕಾಯಿಲೆ ಇದ್ದವರಲ್ಲಿ ಸಕ್ಕರೆ ಬೇಗ ಇಳಿದದ್ದೇ ಮುಖ್ಯ ಕಾರಣ ಅನ್ನುವುದು ಹೆಚ್ಚಿನವರ ಅಭಿಪ್ರಾಯ. ಇದು ಹೊಸದಲ್ಲ. 1993ರ ಪ್ರಸಿದ್ಧ ಅಧ್ಯಯನದಲ್ಲಿ ಇನ್ಸುಲಿನ್‌ನಿಂದ ಬಿಗಿಯಾಗಿ ಸಕ್ಕರೆ ಹಿಡಿತದಲ್ಲಿಟ್ಟವರಲ್ಲಿ ಹೊಸದಾಗಿ ಕಣ್ಣಿನ ಕಾಯಿಲೆ ಬರುವುದು ಶೇ. 76ರಷ್ಟು ಕಡಿಮೆಯಾಯಿತು, ಆದರೆ ಮೊದಲ ಒಂದೆರಡು ವರ್ಷ ಕೆಲವರ ಕಣ್ಣು ಇನ್ನಷ್ಟು ಕೆಟ್ಟು ಆಮೇಲೆ ಸುಧಾರಿಸಿತ್ತು. ಸಕ್ಕರೆ ಇಳಿಸುವುದನ್ನು ಬಿಡಬೇಡಿ. ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ, ತುಂಬಾ ಮೇಲಿದ್ದು, ಇನ್ಸುಲಿನ್ನೋ ಸೆಮಾಗ್ಲುಟೈಡೋ ಶುರು ಮಾಡುವ ಮೊದಲು ಪಾಪೆ ಹಿಗ್ಗಿಸಿ ಒಂದು ಸಲ ರೆಟಿನಾ ತೋರಿಸಿ, ಶುರುವಾದ ಮೇಲೆ ಕೆಲವು ತಿಂಗಳಿಗೆ ಇನ್ನೊಂದು ಸಲ. ಮೊದಲೇ ಶುಗರ್ ಇದ್ದು ಗರ್ಭಿಣಿಯಾದವರಿಗೂ ಇದೇ ಮಾತು, ಮೊದಲ ಮೂರು ತಿಂಗಳಲ್ಲೇ ತೋರಿಸಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಂಜು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಗಾಡಿ ಓಡಿಸಲು ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ.