ಕಾವೇರಿಯಲ್ಲಿ ಬಸ್ಸಿನ ಹಾಗೆ ದೋಣಿ ಓಡಿಸಬಹುದಾ?

[ದೃಶ್ಯ: ಶ್ರೀರಂಗಪಟ್ಟಣ, ವೆಲ್ಲೆಸ್ಲಿ ಸೇತುವೆ ಪಕ್ಕ ಬೇಸಿಗೆಯ ಹೊಳೆ. ನೀರಿಗಿಂತ ಬಂಡೆಯೇ ಹೆಚ್ಚು.]

ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಿಂದ ವಾಟರ್ ಮೆಟ್ರೋ ಓಡ್ತಿದೆ. ನೂರು ಜನ ಹಿಡಿಸೋ ಬ್ಯಾಟರಿ ದೋಣಿ. ಹಾಗಾದ್ರೆ ಕೆಆರ್‌ಎಸ್‌ನಿಂದ ಶ್ರೀರಂಗಪಟ್ಟಣಕ್ಕೆ?

ಆಗಲ್ಲ. ಕೊಚ್ಚಿ ಹಿನ್ನೀರಿನಲ್ಲಿ ಏರಿಳಿತ ಸುಮಾರು ಒಂದು ಮೀಟರ್. ನಮ್ಮಲ್ಲಿ ಬೇಸಿಗೆಯಲ್ಲಿ ಬಂಡೆ ಎದ್ದು ಕಾಣೋ ಜಾಗದಲ್ಲೇ ಮಳೆಗಾಲಕ್ಕೆ ಲಕ್ಷ ಕ್ಯೂಸೆಕ್ ಮೀರಿ ಹರಿದ ವರ್ಷಗಳಿವೆ. ಜೊತೆಗೆ ನಾಲೆಗೆ ನೀರು ತಿರುಗಿಸೋಕೆ ಹೊಳೆಗೆ ಅಡ್ಡ ಹಾಕಿರೋ ಹಳೇ ಕಲ್ಲಿನ ಕಟ್ಟೆಗಳು. ರಂಗನತಿಟ್ಟು ಹುಟ್ಟಿದ್ದೇ ಅಂಥ ಕಟ್ಟೆಯಿಂದ.

ಆದ್ರೆ ಹೊಳೆಯ ಉದ್ದಕ್ಕೆ ಅಡ್ಡಿಯಾದ ಕಟ್ಟೆ, ಅಡ್ಡ ದಾಟೋ ದೋಣಿಗೆ ಅನುಕೂಲ. ಕಟ್ಟೆಯ ಹಿಂದೆ ನೀರು ನಿಂತಿರುತ್ತೆ, ಮಟ್ಟ ಅಷ್ಟಾಗಿ ಇಳಿಯಲ್ಲ. ಸೇತುವೆ ದೂರ ಇರೋ ಊರುಗಳ ನಡುವೆ ಇದನ್ನೇ ನೋಡಬೇಕು.

[ಗ್ರಾಫಿಕ್: ಎರಡು ದಡ, ಒಂದು ದೋಣಿ, ಗಡಿಯಾರ]

ಲೆಕ್ಕ ಹಾಕೋಣ. ಹೊಳೆ 200 ಮೀಟರ್ ಅಗಲ, ದೋಣಿಯ ವೇಗ ಗಂಟೆಗೆ 8 ಕಿ.ಮೀ. ದಾಟೋಕೆ ಒಂದೂವರೆ ನಿಮಿಷ. 30 ಜನ ಒಂದೇ ಬಾಗಿಲಲ್ಲಿ, ತಲಾ 3 ಸೆಕೆಂಡಿನಂತೆ ಇಳಿದು, ಇನ್ನು 30 ಜನ ಹತ್ತೋಕೆ ಮೂರು ನಿಮಿಷ. ವೇಗ ದುಪ್ಪಟ್ಟು ಮಾಡಿದ್ರೆ ಉಳಿತಾಯ ಆಗೋದು ಮುಕ್ಕಾಲು ನಿಮಿಷ. ಇನ್ನೊಂದು ಬಾಗಿಲಿಟ್ರೆ ಒಂದೂವರೆ. ದುಡ್ಡನ್ನ ಎಂಜಿನ್ನಿಗಲ್ಲ, ಬಾಗಿಲಿಗೆ, ಜೆಟ್ಟಿಗೆ (ದೋಣಿ ಹತ್ತಿ ಇಳಿಯೋ ಜಾಗಕ್ಕೆ) ಹಾಕಿ.

[ಹತ್ತಿರದ ಶಾಟ್: ಪಾಚಿ ಹಿಡಿದ ಸೋಪಾನ]

ಕಲ್ಲಿನ ಮೆಟ್ಟಿಲು ಸಾಲದು. ನೀರಿಳಿದ್ರೆ ಕೊನೇ ಮೆಟ್ಟಿಲು ಮೇಲುಳಿಯುತ್ತೆ, ಏರಿದ್ರೆ ಮುಳುಗುತ್ತೆ, ಪಾಚಿ ಜಾರುತ್ತೆ. ಪಾಂಟೂನ್, ಅಂದ್ರೆ ನೀರಿನ ಮೇಲೆ ತೇಲೋ ವೇದಿಕೆ ಬೇಕು: ನೆಟ್ಟ ಕಂಬಗಳಿಗೆ ಬಳೆ ಹಾಕಿದ್ರೆ ನೀರಿನ ಜೊತೆ ಅದೂ ಏರಿಳಿಯುತ್ತೆ. ದಡದಿಂದ ಅದಕ್ಕೆ ರ್‍ಯಾಂಪ್. ಗಾಲಿಕುರ್ಚಿ ಇಳಿಯಬೇಕಂದ್ರೆ 12ಕ್ಕೆ 1ರ ಇಳಿಜಾರು. ಅಂದ್ರೆ ಮೂರು ಮೀಟರ್ ಇಳಿತಕ್ಕೆ 36 ಮೀಟರ್ ರ್‍ಯಾಂಪ್. ನೀರು ನಿಂತಿರೋ ಜಾಗ ಹುಡುಕಿ ಅನ್ನೋದು ಇದಕ್ಕೇ.

ಕೆಡೋದು ಹೆಚ್ಚಾಗಿ ಪ್ರೊಪೆಲ್ಲರ್ ಹತ್ರ. ಸ್ನಾನಘಟ್ಟದಲ್ಲಿ ಬಿಟ್ಟ ಸೀರೆ, ಪಂಚೆ ಶಾಫ್ಟಿಗೆ ಸುತ್ತಿಕೊಂಡ್ರೆ ಎಂಜಿನ್ ನಿಂತೇ ಹೋಗುತ್ತೆ. ಜೊಂಡು, ಅಂತರಗಂಗೆಯೂ ಹಾಗೇ. ಪ್ರೊಪೆಲ್ಲರಿಗೆ ಜಾಲರಿ ಕವಚ, ಕೈಗೆ ಸಿಗೋ ಹಾಗೆ ಲಂಗರು, ಒಂದು ಜೊತೆ ಹುಟ್ಟು ಇರಲೇಬೇಕು. ಯಾಕಂದ್ರೆ ಎಂಜಿನ್ ನಿಂತ ದೋಣಿ ತೇಲೋದು ಕಟ್ಟೆ ಕಡೆಗೇ. ಜೆಟ್ಟಿಯನ್ನ ಕಟ್ಟೆಯಿಂದ ದೂರ, ಮೇಲ್ಗಡೆ ಇಡಿ. ಲೈಫ್ ಜಾಕೆಟ್ ಹಾಕದವರನ್ನ ಹತ್ತಿಸಬೇಡಿ.

ಕೊನೇದಾಗಿ ಪ್ರವಾಹ. ಪಾಂಟೂನ್ ಕಂಬದ ಮೇಲೆ ಕೆಂಪು ಗೆರೆ ಎಳೆದು, ನೀರು ಅಲ್ಲಿಗೆ ಮುಟ್ಟಿದ ದಿನ ದೋಣಿ ನಿಲ್ಲಿಸಿ, ಅದೇ ಟಿಕೆಟ್ಟಿಗೆ ಸೇತುವೆ ಸುತ್ತಿ ಬರೋ ಬಸ್ ಬಿಡಬೇಕು. ಆ ಬಸ್ಸಿನ ಸಮಯವನ್ನ ಮೊದಲ ದಿನದಿಂದಲೇ ಜೆಟ್ಟಿಯಲ್ಲಿ ಬರೆದು ಹಾಕಿ.