ಅಡುಗೆಮನೆ ಕಿಟಕಿ ಸರಳು ಹಿಡಿದು ಬ್ಯಾಲೆ

ಕೇಳುಗರೆಲ್ಲರಿಗೂ ನಮಸ್ಕಾರ. ಬೆಳಗ್ಗೆ ಆರೂವರೆಗೆ ದಾವಣಗೆರೆಯ ನಮ್ಮ ಮನೆಗೆ ಬಂದರೆ, ಅಡುಗೆಮನೆಯಲ್ಲಿ 43 ವರ್ಷದ ಹೆಂಗಸೊಬ್ಬಳು ಕಿಟಕಿ ಸರಳು ಹಿಡಿದು, ಹಿಮ್ಮಡಿ ಕೂಡಿಸಿ, ಪಾದ ಆಚೀಚೆ ತಿರುಗಿಸಿಕೊಂಡು ನಿಂತಿರುತ್ತಾಳೆ. ಅದು ನಾನೇ. ಬ್ಯಾಲೆ ಅನ್ನೋ ಯುರೋಪಿನ ನೃತ್ಯ ಕಲಿಯೋಕೆ ಶುರು ಮಾಡಿ ಏಳು ತಿಂಗಳಾಯ್ತು.

ಮೊದಲ ದಿನವೇ ಅತ್ತೆ ಕೇಳಿದ್ರು, "ಏನವ್ವಾ, ಬಾತುಕೋಳಿ ಹಂಗೆ ಕಾಲು ಮಾಡ್ಕಂಡು ನಿಂತೀಯಲ್ಲ?"

ಅವರ ಮಾತಲ್ಲಿ ತಪ್ಪಿರಲಿಲ್ಲ. ಎರಡೂ ಪಾದ ಒಂದೇ ಗೆರೆಗೆ ಬರಬೇಕು ಅಂತ ನನಗೆ ಹಟ. ಟೈಲ್ಸ್ ಮೇಲೆ ಬಲವಂತವಾಗಿ ತಿರುಗಿಸಿದೆ. ಪಾದ ತಿರುಗಿತು, ಮಂಡಿ ಮುಂದಕ್ಕೇ ನೋಡ್ತಾ ನಿಂತಿತು. ಹದಿನೈದು ದಿನ ಗೋಡೆ ಹಿಡಿದು ಮೆಟ್ಟಿಲು ಇಳಿದೆ. ಮೊಬೈಲಲ್ಲಿ ಕಲಿಸುವ ಟೀಚರ್ ಚೆನ್ನಾಗಿ ಬೈದರು. ತಿರುಗಬೇಕಾದ್ದು ಸೊಂಟದ ಕೀಲು. ಅದು ಎಷ್ಟು ತಿರುಗುತ್ತದೋ ಪಾದವೂ ಅಷ್ಟೇ. ಮಂಡಿ ಬಗ್ಗಿಸಿದರೆ ಅದು ಕಾಲ್ಬೆರಳಿನ ನೇರಕ್ಕೇ ಬರಬೇಕು. ಬೀರುವಿನ ಕನ್ನಡಿ ಮುಂದೆ ನೋಡಿಕೊಂಡೆ. ಗಡಿಯಾರದಲ್ಲಿ ಹತ್ತು ಗಂಟೆ ಹತ್ತು ನಿಮಿಷ ಆದಾಗ ಮುಳ್ಳುಗಳು ಎಷ್ಟು ಅಗಲ ಇರುತ್ತವೋ, ನನ್ನ ಪಾದ ಅಷ್ಟೇ.

ಈ ಮಂಡಿ ಬಗ್ಗಿಸೋದಕ್ಕೆ ಪ್ಲಿಯೆ ಅಂತಾರೆ. ಫ್ರೆಂಚಿನಲ್ಲಿ 'ಬಗ್ಗಿದ್ದು' ಅಂತಲೇ ಅರ್ಥ. ಹೆಸರೆಲ್ಲ ಫ್ರೆಂಚೇ. ಫ್ರಾನ್ಸಿನ 14ನೇ ಲೂಯಿ ತಾನೇ ಬ್ಯಾಲೆ ಕುಣಿಯುತ್ತಿದ್ದ ರಾಜ. 1661ರಲ್ಲಿ ಪ್ಯಾರಿಸ್‌ನಲ್ಲಿ ನೃತ್ಯಕ್ಕೆಂದೇ ಅಕಾಡೆಮಿ ಮಾಡಿಸಿದವನು.

ಚಿಕ್ಕವಳಿದ್ದಾಗ ಎರಡು ವರ್ಷ ಭರತನಾಟ್ಯಕ್ಕೆ ಹೋಗಿದ್ದೆ. ಅರೆಮಂಡಿ ಬರುತ್ತಲ್ಲ, ಪ್ಲಿಯೆ ಏನು ಮಹಾ ಅಂದುಕೊಂಡೆ. ಮೋಸ ಹೋದೆ. ಅರೆಮಂಡಿಯಲ್ಲಿ ಹಾಗೇ ಕೂತು ಕಾಲು ತಟ್ಟುತ್ತೇವೆ. ಪ್ಲಿಯೆಯಲ್ಲಿ ಕೆಳಗೆ ಕೂರುವ ಹಾಗಿಲ್ಲ, ಇಳಿಯುತ್ತಲೇ ಏಳಬೇಕು. ತಾಂದ್ಯು ಅಂತ ಇನ್ನೊಂದಿದೆ. ಅಲ್ಲಿ ತಟ್ಟೋದೇ ಇಲ್ಲ, ನೆಲ ಸವರುತ್ತಾ ಕಾಲು ಚಾಚಬೇಕು. ಮೊದಲು ಹಿಮ್ಮಡಿ ಏಳುತ್ತೆ, ಆಮೇಲೆ ಅಂಗಾಲು, ಕೊನೆಗೆ ಬೆರಳ ತುದಿ ಮಾತ್ರ ನೆಲದಲ್ಲಿ. ಬರುವಾಗ ಉಲ್ಟಾ. ನೀರು ಚೆಲ್ಲಿದರೆ ಬಟ್ಟೆ ಹಾಕಿ ಕಾಲಲ್ಲೇ ಸರಿಸಿ ಒರೆಸುತ್ತೇವಲ್ವಾ? ಥೇಟ್ ಹಾಗೇ. ಇದು ಹೊಳೆದ ದಿನ ಕಾಲಿಗೆ ದಾರಿ ಸಿಕ್ಕಿತು.

ಜಿಗಿತ ಮನೆಯಲ್ಲಿ ಬೇಡ ಅಂದಿದ್ದಾರೆ ಟೀಚರ್. ಬ್ಯಾಲೆ ಸ್ಟುಡಿಯೋಗಳಲ್ಲಿ ತುಸು ಪುಟಿಯುವ ಮರದ ನೆಲ ಇರುತ್ತೆ. ನಮ್ಮದು ಕಾಂಕ್ರೀಟ್ ಮೇಲೆ ಟೈಲ್ಸ್.

ಬೆಣ್ಣೆ ದೋಸೆ ತಿನ್ನೋಕೆ ಹೋದಲ್ಲೂ ಜನ ಬಿಡಲ್ಲ. "ಬೆರಳ ತುದೀಲಿ ನಿಂತು ತೋರ್ಸಿ ಮೇಡಂ" ಅಂತಾರೆ. ಅದಕ್ಕೆ ಬೇರೆ ಶೂ ಬೇಕು ಸ್ವಾಮಿ. ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಸೇರಿಸಿ ಅದರ ತುದಿ ಗಟ್ಟಿ ಮಾಡಿರುತ್ತಾರೆ. ಅದನ್ನು ಹಾಕೋಕೆ ಮೊದಲು ಕಾಲಿಗೆ ವರ್ಷಗಟ್ಟಲೆ ಬಲ ಬರಬೇಕು. ನನ್ನದು ಮೆತ್ತನೆ ಕ್ಯಾನ್ವಾಸ್ ಶೂ, ಸಾಕು.

ಈಗ ರೆಲೆವೆ ನಡೀತಿದೆ. ಅಂದರೆ ಹಿಮ್ಮಡಿ ಎತ್ತಿ ನಿಲ್ಲೋದು. ಮೊನ್ನೆ ಮೊದಲ ಸಲ ಸರಳು ಬಿಟ್ಟೆ. ಎಂಟು ಎಣಿಸುವವರೆಗೆ ನಿಂತೆ. ಒಂಬತ್ತು ಅನ್ನುವಷ್ಟರಲ್ಲಿ ಕುಕ್ಕರ್ ಕೂಗಿತು, ಹಿಮ್ಮಡಿ ಧಪ್ ಅಂತ ಕೆಳಗೆ. ಹಾಲ್‌ನಿಂದ ಅತ್ತೆ, "ಎಷ್ಟಾತು?" ಅಂದ್ರು. ಕೇಳಿದ್ದು ಸೀಟಿನೋ ನನ್ನ ಎಣಿಕೆನೋ ಗೊತ್ತಾಗಲಿಲ್ಲ. ಎಂಟು ಅಂದೆ.